ಪಟ್ಟಿಯ ಹದಿನೇಳನೇ ಹೆಸರು

ನಿಲ್ಲಿ ಮಾರಾಯ್ರೆ, ಹೆಬ್ಬೆರಳಿಂದ ದೂಡಿ ಮುಂದೆ ಹೋಗಬೇಡಿ. ಒಂದು ಚೀಟಿಯ ಕಥೆ ಹೇಳ್ಲಿಕ್ಕಿದೆ. ಅದು ಶುರುವಿಗೇ ಬರೂದಿಲ್ಲ. ಭಟ್ಕಳ ದಾಟಿ, ಹೊನ್ನಾವರ ದಾಟಿ, ಕುಮಟಾಕ್ಕೆ ಮುಟ್ಟಿದ ಮೇಲೆ ಬರ್ತದೆ. ಅಲ್ಲೀವರೆಗೆ ಕಾಯ್ರಿ. ಉಪದೇಶಿ ಕೆಲಸಕ್ಕೆ ಸೇರಬೇಕು ಹೇಳಿ ಮನಸ್ಸು ಮಾಡಿದ ಹುಡುಗ ಹುಡುಗಿಯರು ಯಾರಾದ್ರೂ ಇದ್ರೆ ನೀವಂತೂ ಕಾಯಲೇಬೇಕು. ಇದು ನಿಮಗೇ ಬರೆದದ್ದು.

ಉಪದೇಶಿ ಅಂದ್ರೆ ಗೊತ್ತಿಲ್ಲದವರಿಗೆ ಹೇಳ್ತೇನೆ. ಚರ್ಚಿನಲ್ಲಿ ಫಾದರ್ ಮಾಡದ ಎಲ್ಲಾ ಕೆಲಸ ಮಾಡುವವ. ಮಕ್ಕಳಿಗೆ ಧರ್ಮೋಪದೇಶ, ಮೈಕ್ ಜೋಡಿಸೂದು, ಹಾಡು ಎತ್ತಿಕೊಡೂದು, ಹುಷಾರಿಲ್ಲದವರ ಮನೆಗೆ ಹೋಗೂದು, ಸತ್ತವರ ಮನೆಗೆ ಎಲ್ಲರಿಗಿಂತ ಮೊದಲು ಮುಟ್ಟೂದು. ನಾನು ಹತ್ತು ವರ್ಷ ಮಾಡಿದೆ. ಮೂವತ್ತೆರಡಕ್ಕೆ ನಿವೃತ್ತಿ ಆದೆ. ನಗಬೇಡಿ, ಬ್ಯಾನರಿನಲ್ಲಿ ಹಾಗೇ ಇತ್ತು, 'ಸ್ವಯಂ ನಿವೃತ್ತಿ ಹೊಂದುತ್ತಿರುವ ನಮ್ಮ ಪ್ರೀತಿಯ ಉಪದೇಶಿ' ಹೇಳಿ. ಆ ಬ್ಯಾನರ್ ಡಿಸೈನ್ ಮಾಡಿದವನೂ ನಾನೇ. ಬೇರೆ ಯಾರಿಗೂ ಬರ್ತಿರ್ಲಿಲ್ಲ.

ನಾನು ಯಾವ ಕೋರ್ಸೂ ಮಾಡಿದವನಲ್ಲ. ಮನೆಮಾತು ಕೊಂಕಣಿ, ಕನ್ನಡ ಟೈಪಿಂಗ್ ವಿಡಿಯೋ ನೋಡಿ ಕಲ್ತದ್ದು, ಮೈಕಿನ ಮಿಕ್ಸರ್ ಎರಡು ಸಲ ಸುಟ್ಟು ಕಲ್ತದ್ದು. ಹೊಸದು ಎಂತ ಕಂಡ್ರೂ ಕೈ ತುರಿಸ್ತಿತ್ತು. ಆ ತುರಿಕೆಯೇ ಈ ಕಥೆ.

ನನ್ನ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿ ಇದ್ದದ್ದು ಭಾನುವಾರದ ಬಿನ್ನಹ ಬರೆಯೂದು. ಪೂಜೆಯ ಮಧ್ಯ ಎಲ್ಲರೂ ಎದ್ದು ನಿಲ್ತಾರೆ, ಒಬ್ಬರು ಮೈಕಿನಲ್ಲಿ ನಾಲ್ಕೈದು ಪ್ರಾರ್ಥನೆ ಓದ್ತಾರೆ, ಒಂದೊಂದಕ್ಕೂ ಜನ 'ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು' ಅಂತಾರೆ. ಮೊದಲನೇದು ಧರ್ಮಸಭೆಗಾಗಿ. ಎರಡನೇದು ದೇಶದ ನಾಯಕರಿಗಾಗಿ. ಆಳುವವರಿಗಾಗಿ ಪ್ರಾರ್ಥನೆ ಮಾಡಬೇಕು ಹೇಳಿ ನಮಗೆ ಆಜ್ಞೆಯೇ ಇದೆ. ಅವರು ಒಳ್ಳೆಯವರಾದ್ರೆ ಮಾತ್ರ ಮಾಡಿ ಹೇಳಿ ಇಲ್ಲ. ಹತ್ತು ವರ್ಷ, ವಾರಕ್ಕೊಂದು ಎರಡನೇ ಪ್ರಾರ್ಥನೆ. ಎಷ್ಟಾತು ನೀವೇ ಲೆಕ್ಕ ಹಾಕಿ, ನನಗೆ ಬೇಡ.

ಮೊದಲು ಇದ್ದದ್ದು ಭಟ್ಕಳದಲ್ಲಿ. ನಾನು ಹೋಗೂ ಮುಂಚೆ ಅಲ್ಲಿ ಎರಡನೇ ಪ್ರಾರ್ಥನೆ ಒಂದೇ ವಾಕ್ಯ, 'ನಾಯಕರಿಗೆ ಜ್ಞಾನ ವಿವೇಕಗಳನ್ನು ಕೊಡು'. ಲ್ಯಾಮಿನೇಷನ್ ಮಾಡಿ ಇಟ್ಟಿದ್ರು. ನಾನು ಲ್ಯಾಮಿನೇಷನ್ ಕಿತ್ತು ಹಾಕಿ ಪ್ರತಿ ವಾರ ಹೊಸತು ಬರೀಲಿಕ್ಕೆ ಶುರು ಮಾಡಿದೆ. ಚರ್ಚಿಗೆ ಬರ್ತಿದ್ದ ಲೂಸಿಬಾಯಿಯ ಮಗ ಕುವೈತಿನಲ್ಲಿ ಒಬ್ಬರ ಮನೆ ಡ್ರೈವರ್. ಆಕೆ ನನ್ನನ್ನು ಗೇಟಿನಲ್ಲಿ ಹಿಡಿದು ನಿಲ್ಲಿಸಿದ್ಲು.

"ಬಾಬಾ, ನೀನು ಮಂತ್ರಿಗಳಿಗೆ ಬರೀತೀಯಲ್ಲ, ಅದರಲ್ಲಿ ಆ ಅರಬನನ್ನೂ ಸೇರ್ಸು."

"ಯಾವ ಅರಬ, ಬಾಯಿ?"

"ನನ್ನ ಮಗನ ಪಾಸ್‌ಪೋರ್ಟ್ ಇಟ್ಕೊಂಡವ. ಇಲ್ಲಿಯ ಮಂತ್ರಿಯ ಮನಸ್ಸು ಕರಗಿ ನನಗೆ ಎಂತ ಆಗಬೇಕು? ಅವನದ್ದು ಕರಗಬೇಕು."

ನಾನು ಬರೆದೇ ಬಿಟ್ಟೆ, 'ಪರದೇಶದಲ್ಲಿ ನಮ್ಮ ಮಕ್ಕಳ ಮೇಲೆ ಅಧಿಕಾರ ಇರುವವರಿಗಾಗಿ'. ಆ ದಿವಸ ಜನ ಕೊಟ್ಟ ಉತ್ತರಕ್ಕೆ ಮಾಡಿನ ಹಂಚು ಹಾರಬೇಕಿತ್ತು. ಅಷ್ಟು ಮನೆಯ ಗಂಡಸರು ಗಲ್ಫಿನಲ್ಲಿದ್ರು. ಪೂಜೆ ಮುಗಿದ ಮೇಲೆ ಫಾದರ್ ಕರೆದು, "ನಾಯಕರು ಅಂದ್ರೆ ನಮ್ಮ ದೇಶದ ನಾಯಕರು, ಹೊಸ ಹೊಸತು ಮಾಡಬೇಡ" ಅಂದ್ರು. ಹಾಳೆ ಜೆರಾಕ್ಸ್ ಮಾಡಿ ಕೊಡ್ತಿದ್ದ ಇರ್ಫಾನ್ ಭಾಯ್ ಮಾತ್ರ ಪ್ರತಿ ಶನಿವಾರ ಓದಿ ಒಂದು ಕಮೆಂಟ್ ಕೊಡ್ತಿದ್ದ. ಒಮ್ಮೆ ಕೇಳ್ದ, "ನೀವು ಭಾನುವಾರ ಇವರಿಗೆ ಬುದ್ಧಿ ಕೊಡು ಅಂತೀರಿ, ನಾವು ಶುಕ್ರವಾರ ದುವಾ ಮಾಡ್ತೇವೆ. ಎರಡು ಕಡೆಯಿಂದ ಅರ್ಜಿ ಹೋದ್ರೂ ಇವರು ಸುಧಾರಿಸೂದಿಲ್ವಲ್ಲ. ಎಲ್ಲಿ ಸಿಕ್ಕಿಬಿದ್ದದೆ ಮಾರಾಯ?"

ನಕ್ಕೆ. ಆಗ ನಗ್ಲಿಕ್ಕೆ ಬರ್ತಿತ್ತು.

ಹೊನ್ನಾವರಕ್ಕೆ ವರ್ಗ ಆದದ್ದು ಚುನಾವಣೆ ಹೊತ್ತಿಗೆ. ಈ ಕಥೆಯಲ್ಲಿ ಮುಂದೆ ಬರುವ ಒಬ್ಬ ನಾಯಕರನ್ನು ನಾನು ಮೊದಲು ಕಂಡದ್ದು ಅಲ್ಲಿ. ಹೆಸರು ಬರಿಯೂದಿಲ್ಲ, ಎಲ್ಲರೂ 'ಅಣ್ಣ' ಹೇಳೇ ಕರೀತಿದ್ರು. ಚರ್ಚಿನ ಹಬ್ಬಕ್ಕೆ ಬಂದ್ರು, ಮುಂದಿನ ಸಾಲಿನಲ್ಲಿ ಕೂತ್ರು, ಕೂರೂದು ಏಳೂದು ಎಲ್ಲಾ ನೋಡಿ ನೋಡಿ ಸರಿಯಾಗೇ ಮಾಡಿದ್ರು. ಫಾದರ್ ನನ್ನ ಕಿವಿಯಲ್ಲಿ, "ಅವರ ಹೆಸರು ಹೇಳಿ ಒಂದು ಪ್ರಾರ್ಥನೆ ಹಾಕು" ಅಂದ್ರು. ಹಾಕಿದೆ. ಮರು ವಾರ ಎದುರು ಪಕ್ಷದ ನಾಲ್ಕು ಜನ ಆಫೀಸಿಗೇ ಬಂದ್ರು.

"ಫಾದರ್, ನಮ್ಮ ಅಭ್ಯರ್ಥಿಗೆ ದೇವರ ಆಶೀರ್ವಾದ ಬೇಡ್ವಾ?"

ಫಾದರ್ ಎರಡೂ ಹೆಸರು ಹಾಕು ಅಂದ್ರು. ಯಾರದ್ದು ಮೊದಲು ಹೇಳಿ ಮತ್ತೆ ತಕರಾರು. "ಅಕಾರಾದಿ ಹಾಕಿ ಮುಗಿಸು" ಅಂದ್ರು. ಅಕಾರಾದಿ ಹಾಕಿದ್ರೆ ಯಾರಿಗೂ ಗುರುತಿಲ್ಲದ ಒಬ್ಬ ಪಕ್ಷೇತರನ ಹೆಸರು ಮೊದಲು ಬಂತು. ಆ ಭಾನುವಾರ ನಾನು ಮೈಕಿನಲ್ಲಿ ಮೂರು ಹೆಸರು ಓದಿದೆ. ಒಂದು ಹೆಸರಿಗೆ ಬಲಗಡೆಯವರು ಜೋರಾಗಿ 'ಪ್ರಭುವೇ' ಅಂದ್ರು, ಇನ್ನೊಂದಕ್ಕೆ ಎಡಗಡೆಯವರು. ಪಕ್ಷೇತರನಿಗೆ ಫಾದರ್ ಒಬ್ಬರೇ. ದೇವರ ಮುಂದೆ ಮತ ಎಣಿಕೆ ಮಾಡಿಸಿದ್ದೆ ನಾನು. ಬರ್ತಾ ಇರುವವರಿಗೆ ಹೇಳ್ತೇನೆ, ಬಿನ್ನಹದಲ್ಲಿ ಹೆಸರು ಹಾಕಬೇಡಿ. ಯಾರು ಹೇಳಿದ್ರೂ ಹಾಕಬೇಡಿ. ನಾನು ಆ ಪಾಠವನ್ನು ಮೈಕಿಗೆ ಮಾತ್ರ ಕಲ್ತೆ. ಅದು ಉಳಿದ ಕಡೆಗೂ ಸೇರ್ತದೆ ಹೇಳಿ ತಿಳೀಲಿಲ್ಲ.

ಈಗ ಕುಮಟಾ.

ಆ ಕಡೆಯ ಒಂದು ಚರ್ಚು, ಯಾವುದು ಕೇಳಬೇಡಿ. ಅಲ್ಲಿ ಮಂಗಳವಾರ ಸಂತ ಅಂತೋನಿಯವರ ನೊವೆನಾ, ಅಂದ್ರೆ ಒಂಬತ್ತು ಮಂಗಳವಾರ ಬಿಡದೆ ಬಂದು ಮಾಡುವ ಪ್ರಾರ್ಥನೆ. ಅದಕ್ಕೆ ನಮ್ಮವರು ಮಾತ್ರ ಬರೂದಲ್ಲ. ಎಲ್ಲಾ ಜಾತಿಯವರೂ ಬರ್ತಾರೆ, ಮಲ್ಲಿಗೆ ತರ್ತಾರೆ, ಮೊಂಬತ್ತಿ ಹಚ್ತಾರೆ, ಕಷ್ಟ ಒಂದು ಚೀಟಿಯಲ್ಲಿ ಬರೆದು ಸಂತರ ಕಾಲ ಬುಡದ ಮರದ ಪೆಟ್ಟಿಗೆಗೆ ಹಾಕ್ತಾರೆ, ಹೋಗ್ತಾರೆ. ಮತ್ತೆ ಅವರ ಮನೆದೇವರಿಗೂ ಹೋಗ್ತಾರೆ. ಯಾರೂ ಯಾರನ್ನೂ ಎಂತ ಮಾಡೂದಿಲ್ಲ. ನನ್ನ ಅಜ್ಜನ ಕಾಲಕ್ಕಿಂತ ಮುಂಚಿಂದ ಹಾಗೇ ನಡ್ಕೊಂಡು ಬಂದದ್ದು.

ಚರ್ಚಿನ ಗಂಟೆ, ಬತ್ತಿ, ಬಟ್ಟೆ ಎಲ್ಲಾ ನೋಡ್ತಿದ್ದವರು ಪಾಸ್ಕು ಅಜ್ಜ. ಒಂಬತ್ತು ಮಂಗಳವಾರ ಆದ ಕೂಡಲೆ ಅವರು ಪೆಟ್ಟಿಗೆ ಬೀಗ ತೆಗೆದು, ಚೀಟಿ ಒಂದನ್ನೂ ಬಿಡಿಸದೆ, ಧೂಪದ ಕೆಂಡಕ್ಕೆ ಹಾಕಿ ಸುಡ್ತಿದ್ರು. ನಾನು ಹೋದ ಹೊಸತರಲ್ಲಿ ಒಂದು ಚೀಟಿ ಕೆಳಗೆ ಬಿದ್ದದ್ದನ್ನು ಬಿಡಿಸ್ಲಿಕ್ಕೆ ಹೋದೆ. ಕೈ ಮೇಲೆ ಫಟ್ ಹೇಳಿ ಹೊಡೆದ್ರು.

"ಅದು ನಿನಗೆ ಬರೆದ ಕಾಗದವಾ?"

"ಅಲ್ಲ ಅಜ್ಜ, ಓದಿದ್ರೆ ಅವರಿಗಾಗಿ ಸರಿಯಾಗಿ ಪ್ರಾರ್ಥನೆ ಮಾಡ್ಬಹುದಲ್ಲ."

"ದೇವರಿಗೆ ಓದ್ಲಿಕ್ಕೆ ಬರ್ತದೆ. ನೀ ಗಂಟೆ ಹೊಡಿ ಹೋಗು."

ನನಗೆ ಅದು ಹಳೇ ಕಾಲದ ಹಟ ಹೇಳಿ ಕಂಡಿತು. ಅಷ್ಟೊಂದು ಜನರ ಕಷ್ಟ ಹಾಗೇ ಬೂದಿ ಮಾಡೂದಾ? ಹೊಸ ಫಾದರ್ ಬಂದಿದ್ರು, ಚುರುಕಿನವರು. ಅವರಿಗೆ ಹೇಳಿದೆ, ಒಂದು ಶೀಟ್ ಮಾಡುವ, ಕ್ರಮಸಂಖ್ಯೆ, ಹೆಸರು, ಊರು, ಫೋನ್ ನಂಬರ್, ಕೋರಿಕೆ. ಪ್ರಾರ್ಥನಾ ಗುಂಪಿನ ವಾಟ್ಸಪ್ಪಿಗೆ ಹಾಕಿದ್ರೆ ಎಲ್ಲರೂ ಮನೆಯಲ್ಲಿ ಕೂತು ಅವರಿಗಾಗಿ ಪ್ರಾರ್ಥನೆ ಮಾಡ್ತಾರೆ. "ಭಾರೀ ಒಳ್ಳೇ ಐಡಿಯಾ" ಅಂದ್ರು, ಪೆಟ್ಟಿಗೆಯ ಬೀಗದ ಕೈ ನನಗೇ ಕೊಟ್ರು. ಕೊನೆಗೆ ನಾನೇ ಇನ್ನೊಂದು ಖಾನೆ ಸೇರಿಸಿದೆ. ಅದರ ತಲೆಬರಹ 'ಫಲ'. ಕೆಳಗೆ ಹೌದು, ಇಲ್ಲ. ತಿಂಗಳು ಬಿಟ್ಟು ಫೋನ್ ಮಾಡಿ ಕೇಳೂದು ಹೇಳಿ. ಈಗ ಬರೀವಾಗ ನನಗೇ ನಾಚಿಕೆ ಆಗ್ತದೆ.

ಬರೀಲಿಕ್ಕೆ ಬಾರದವರಿಗೆ ಚೀಟಿ ನಾನೇ ಬರೆದು ಕೊಡ್ತಿದ್ದೆ. ಹಾಗೆ ಬಂದವಳು ಕಾಗಾಲದ ಮಾದೇವಿ ಅಕ್ಕ. ತರಕಾರಿ ಬೆಳೆದು ಪೇಟೆಯಲ್ಲಿ ಕೂತು ಮಾರುವವಳು. ಬುಟ್ಟಿ ಹೊರಗೆ ಇಟ್ಟು, ಒಳಗೆ ಬಂದು, ನನ್ನ ಹತ್ರ ಕೂತು, ದನಿ ಸಣ್ಣ ಮಾಡಿ ಹೇಳಿದ್ಲು.

"ಮಗಳಿಗೆ ಎರಡು ಸಲ ಬಸುರು ಹೋತು ತಮಾ. ಈ ಸಲದ್ದು ನಿಂತ್ಕಳ್ಳಿ ಹೇಳಿ ಬರಿ. ಗಂಡನ ಮನೆಯವರಿಗೆ ಎರಡನೇದು ಹೋದದ್ದು ಗೊತ್ತಿಲ್ಲೆ. ದೇವ್ರಿಗೆ ಮಾತ್ರ ಹೇಳ್ತೆ ನಾನು."

ಬರೆದೆ. ಮಡಿಸಿ ಅವಳ ಕೈಯಲ್ಲೇ ಪೆಟ್ಟಿಗೆಗೆ ಹಾಕಿಸಿದೆ. ಮತ್ತೆ ಶೀಟಿನಲ್ಲಿ ಒಂಬತ್ತನೇ ಸಾಲಿಗೆ ಸೇರಿಸಿದೆ. ಹೆಸರು, ಊರು, ಮಗಳ ಹೆಸರು, ಎಲ್ಲಾ. ಟೈಪಿಂಗ್ ಒಂದು ತಪ್ಪೂ ಇರ್ಲಿಲ್ಲ.

ಅದೇ ಮಂಗಳವಾರ ಸಂಜೆ, ಜನ ಕರಗಿದ ಮೇಲೆ, ಒಂದು ಕಾರು ಬಂತು. ಅಣ್ಣ ಇಳಿದ್ರು. ಹಿಂದೆ ಮುಂದೆ ಯಾರೂ ಇಲ್ಲ. ಹೊನ್ನಾವರದ ಹಬ್ಬದಲ್ಲಿ ಕಂಡ ಮುಖ ಅಲ್ಲ ಅದು, ನಿದ್ದೆಗೆಟ್ಟ ಮುಖ.

"ಉಪದೇಶಿಗಳೇ, ಒಂದು ಪೆನ್ ಕೊಡಿ."

ನಿಂತುಕೊಂಡೇ ಬರೆದ್ರು. 'ನಮ್ಮ ಆಯಿಯ ಕಣ್ಣಿನ ಆಪರೇಷನ್ ಸರಿಯಾಗಲಿ. ಅವಳಿಗೆ ಮತ್ತೆ ಕಾಣಲಿ.' ಆಯಿ ಅಂದ್ರೆ ತಾಯಿ. ಕೆಳಗೆ ಪೂರ್ತಿ ಸಹಿ, ಮಡಿಸಿ ಪೆಟ್ಟಿಗೆಗೆ ಹಾಕಿದ್ರು. ನನಗೆ ಎಷ್ಟು ಹೆಮ್ಮೆ ಆತು ಗೊತ್ತುಂಟಾ? ಇಷ್ಟು ವರ್ಷ ನಾವು ನಾಯಕರಿಗಾಗಿ ಪ್ರಾರ್ಥನೆ ಮಾಡಿದ್ದು, ಇವತ್ತು ಒಬ್ಬ ನಾಯಕ ತಾನೇ ಬಂದು ಪ್ರಾರ್ಥನೆ ಕೇಳ್ದ! ಅವರು ಹೋದ ಮೇಲೆ ಪೆಟ್ಟಿಗೆ ತೆಗೆದು ಚೀಟಿ ನೋಡಿ ಹದಿನೇಳನೇ ಸಾಲಿಗೆ ಹಾಕಿದೆ. ಪಟ್ಟಿಗೆ ಅದೇ ಕಿರೀಟ. ಗುಂಪಿಗೆ ಕಳಿಸಿದೆ.

ಗುಂಪಿನಿಂದ ಅದು ಹೇಗೆ ಹೊರಗೆ ಹೋತು ಇವತ್ತಿಗೂ ಗೊತ್ತಿಲ್ಲ. ಹತ್ತು ದಿವಸದಲ್ಲಿ ಊರಿನ ಎಲ್ಲಾ ಫೋನಿನಲ್ಲಿ ನನ್ನ ಶೀಟ್ ಇತ್ತು. ಮೇಲೆ ಕೆಂಪು ಅಕ್ಷರದಲ್ಲಿ ಯಾರೋ ಬರೆದಿದ್ರು, 'ಮತಾಂತರದ ಪಟ್ಟಿ ನೋಡಿ'. ಹೆಸರು, ಊರು, ನಂಬರ್, ಕಷ್ಟ, 'ಫಲ'. ನನ್ನ ಪರಿಚಯ ಇಲ್ಲದವ ನೋಡಿದ್ರೆ ಹಾಗೇ ಕಾಣ್ತಿತ್ತು, ಸುಳ್ಳು ಹೇಳೂದಿಲ್ಲ. ಒಂದು ಮಾತ್ರ. ಆ ಫೋಟೋ ಹದಿನಾರನೇ ಸಾಲಿಗೆ ಮುಗೀತಿತ್ತು. ಹದಿನೇಳನೇದು ಕತ್ತರಿಸಿ ಹೋಗಿತ್ತು.

ಗೇಟಿನ ಹತ್ರ ಕೂಗಾಟ ಆತು. ನನ್ನನ್ನು ಠಾಣೆಗೆ ಕರೆದ್ರು. ಬೆಳಗಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತೆ. ಪಿಎಸ್‌ಐ ಒಳ್ಳೆಯವರೇ. ಶೀಟಿನ ಮೇಲೆ ಬೆರಳು ಇಟ್ಟು ಕೇಳಿದ್ರು.

"ಇದು ಎಂತ, ಫಲ?"

"ಸರ್, ಪ್ರಾರ್ಥನೆ ಆದ ಮೇಲೆ ಕೆಲಸ ಆತಾ ಇಲ್ವಾ ಹೇಳಿ ಕೇಳ್ಲಿಕ್ಕೆ."

"ದೇವರ ಕೆಲಸಕ್ಕೆ ನೀನು ಆಡಿಟ್ ಮಾಡೂದಾ?" ಅವರಿಗೆ ನಗು ತಡೀಲಿಕ್ಕೆ ಆಗಲಿಲ್ಲ. ಮತ್ತೆ ಗಂಭೀರ ಆಗಿ, "ಇದನ್ನು ಯಾರ ಅನುಮತಿ ತಗೊಂಡು ಹಾಕ್ದೆ ನೀನು? ಇವರನ್ನು ಕೇಳಿದ್ಯಾ?"

ಕೇಳಿರ್ಲಿಲ್ಲ. ಒಬ್ಬರನ್ನೂ ಕೇಳಿರ್ಲಿಲ್ಲ. ಮುಚ್ಚಳಿಕೆ ಬರೆಸಿಕೊಂಡು ಬಿಟ್ರು.

ಸಂಜೆ ಅಣ್ಣನ ಭಾಷಣದ ವಿಡಿಯೋ ಬಂತು. ಮೈಕ್ ಹಿಡಿದು ಹೇಳ್ತಿದ್ರು, "ಪಾಪದ ಜನರ ಕಷ್ಟ ಕೇಳಿ, ಹೆಸರು ನಂಬರ್ ಬರ್ಕೊಂಡು ಪಟ್ಟಿ ಮಾಡ್ತಾರೆ. ಪ್ರಾರ್ಥನೆಗೆ ಪಟ್ಟಿ ಯಾಕೆ? ನೀವೇ ಯೋಚನೆ ಮಾಡಿ." ಚಪ್ಪಾಳೆ. ನನಗೆ ಸಿಟ್ಟು ಬಂದದ್ದು ಅವರು ಸುಳ್ಳು ಹೇಳಿದ್ರು ಹೇಳಿ ಅಲ್ಲ. ಆ ಪ್ರಶ್ನೆ ಸರಿಯಾಗಿತ್ತು. ಪಾಸ್ಕು ಅಜ್ಜ ಕೇಳಿದ್ದೂ ಅದನ್ನೇ. ಆದ್ರೆ ನನ್ನ ಪೆನ್ನಿನಿಂದ ಚೀಟಿ ಬರೆದ ಬಾಯಿಂದ ಬರಬೇಕಿತ್ತಾ ಅದು?

ಫಾದರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದ್ರು. ಚರ್ಚಿನ ಶಾಲೆಯ ಫೈಲು ಅಣ್ಣನ ಒಂದು ಮಾತಿಗೆ ಕಾದು ಕೂತಿತ್ತು, ಅವರ ಹೆದರಿಕೆ ನನಗೆ ಅರ್ಥ ಆಗ್ತದೆ. "ಚೀಟಿ ಎಲ್ಲಾ ಸುಟ್ಟುಬಿಡು. ಇವತ್ತೇ. ಮತ್ತೆ ಭಾನುವಾರಕ್ಕೆ ಎರಡನೇ ಪ್ರಾರ್ಥನೆ ಹಳೇದನ್ನೇ ಹಾಕು, ಜ್ಞಾನ ವಿವೇಕ."

ಪಾಸ್ಕು ಅಜ್ಜ ಕೆಂಡ ಮಾಡಿದ್ರು. ಎಲ್ಲಾ ಚೀಟಿ ಹಾಕಿದೆ. ಒಂದನ್ನು ಮಾತ್ರ ಅಂಗಿ ಕಿಸೆಗೆ ಹಾಕಿಕೊಂಡೆ. ಅವರ ಅಕ್ಷರ, ಅವರ ಸಹಿ. ಒಂದು ಫೋಟೋ ತೆಗೆದು ಬಿಟ್ರೆ ಆತು. ಮತಾಂತರ ಹೇಳಿ ಕೂಗಿದವರ ಬಾಯಿ ಬಂದ್. ಹದಿನಾರು ಮನೆಗಳ ಮರ್ಯಾದೆ ವಾಪಸ್. ನನ್ನದೂ.

ಮೊದಲು ಮಾದೇವಿ ಅಕ್ಕನಿಗೆ ಹೇಳುವ ಹೇಳಿ ಬೈಕ್ ತಗೊಂಡು ಕಾಗಾಲಕ್ಕೆ ಹೋದೆ. ಹರಿವೆ ಕೀಳ್ತಾ ಇದ್ಲು. ನನ್ನನ್ನು ಕಂಡು ಎದ್ದು ನಿಲ್ಲಲಿಲ್ಲ.

"ಮಗಳು ಇಲ್ಲೇ ಇದ್ದು," ಅಂದ್ಲು, ಮನೆ ಬದಿಗೆ ತಲೆ ಹಾಕಿ. "ಕಳ್ಸಿಬಿಟ್ರು. ಎರಡನೇದು ಹೋದದ್ದು ಮುಚ್ಚಿಟ್ರಿ ಹೇಳಿ. ಫೋನಿನಲ್ಲಿ ಓದಿದ್ರಂತೆ."

ಕಿಸೆಗೆ ಕೈ ಹಾಕಿದೆ. ಚೀಟಿ ತೆಗೆದೆ, ಓದಿ ಹೇಳಿದೆ, ಯಾರದ್ದು ಹೇಳಿ ಹೇಳಿದೆ. "ಅಕ್ಕಾ, ಇದನ್ನು ನಾಳೆ ಊರಿಗೆಲ್ಲಾ ತೋರಿಸ್ತೇನೆ. ಅವರೇ ಬಂದು ಬರೆದದ್ದು, ಆಗ ನಿಮ್ಮದೂ ತಪ್ಪಲ್ಲ ಹೇಳಿ ಆಗ್ತದೆ."

ಅವಳು ಹರಿವೆ ಬೇರಿನ ಮಣ್ಣು ಕೊಡವಿದ್ಲು.

"ಅದನ್ನ ತೋರ್ಸಿದ್ರೆ ನನ್ ಮಗಳ ಸಾಲು ಅಳಿಸ್ತದ್ಯಾ?"

"ಇಲ್ಲ."

"ಮತ್ತೆ ಆ ಮುದುಕಿ ಕಣ್ಣೂ ಊರಿನ ಬಾಯಿಗೆ ಬೀಳ್ತದೆ. ಅಷ್ಟೇಯ?"

"ಅವಳ ಮಗ ನಿಮಗೆ ಎಂತ ಮಾಡಿದ ನೋಡಿದ್ರಲ್ಲ!"

"ಅವ ಮಾಡಿದ್ದು ಮತ್ತೆ. ಮೊದಲು ಮಾಡಿದ್ದು ನೀ." ಆಗ ನನ್ನ ಮುಖ ನೋಡಿದ್ಲು. "ನೀ ದೇವ್ರಿಗೆ ಬರ್ದು ಕೊಡ್ತೆ ಅಂದಿದ್ದೆ ತಮಾ. ಫೋನಿಗೆ ಬರೀತೆ ಅಂದಿರ್ಲಿಲ್ಲೆ."

ಒಳಗಿಂದ ಮಗಳು ಕೆಮ್ಮಿದ್ದು ಕೇಳ್ತು. ಹೊರಗೆ ಬರಲಿಲ್ಲ. ನಾನು ಬೈಕ್ ಸ್ಟಾರ್ಟ್ ಮಾಡದೆ ಗದ್ದೆ ಬದಿ ದಾಟುವವರೆಗೆ ದೂಡಿಕೊಂಡು ಹೋದೆ. ಯಾಕೆ ಹೇಳಿ ಗೊತ್ತಿಲ್ಲ, ಸದ್ದು ಮಾಡ್ಲಿಕ್ಕೆ ಮನಸ್ಸು ಬರಲಿಲ್ಲ.

ಪಾಸ್ಕು ಅಜ್ಜನ ಕೆಂಡ ಇನ್ನೂ ಆರಿರ್ಲಿಲ್ಲ. ಆ ಚೀಟಿಯನ್ನು ಮಡಿಸಿ ಹಾಕಿದೆ. ಸಣ್ಣ ಕಾಗದ, ಹೊತ್ತೇ ಹೋಗಲಿಲ್ಲ. ಇದನ್ನು ದೊಡ್ಡ ಮನಸ್ಸು ಅಂತ ತಿಳೀಬೇಡಿ. ಕ್ಷಮೆ ಗಿಮೆ ಎಂತದೂ ಇಲ್ಲ. ಹಾಕಿದ ಕೂಡಲೆ ಅಯ್ಯೋ ಫೋಟೋ ಆದ್ರೂ ತೆಗೀಬೇಕಿತ್ತು ಹೇಳಿ ಅನಿಸಿದ್ದೂ ಹೌದು.

ಕೆಲವು ತಿಂಗಳು ಬಿಟ್ಟು ಸಂತರ ಹಬ್ಬ. ಗಲಾಟೆ ಎಲ್ಲಾ ತಣ್ಣಗಾಗಿತ್ತು. ಪೂಜೆ ಶುರುವಾಗೂ ಹೊತ್ತಿಗೆ ಅಣ್ಣ ಬಂದ್ರು. ಜೊತೆಯಲ್ಲಿ ಅವರ ಆಯಿ, ಕಪ್ಪು ಕನ್ನಡಕ, ಕೈಯಲ್ಲಿ ಮಾರುದ್ದದ ಮೊಂಬತ್ತಿ. ಅಣ್ಣ ಹರಕೆ ಹೇಳಿಕೊಂಡಿದ್ರಂತೆ, ಆಯಿಗೆ ಕಣ್ಣು ಬಂದ್ರೆ ಮೊಂಬತ್ತಿ ಹಚ್ತೇನೆ ಹೇಳಿ. ಫಾದರ್ ಓಡಿ ಹೋಗಿ ಶಾಲು ಹೊದಿಸಿದ್ರು. ಆಯಿ ಸಂತರ ಮುಖವನ್ನು ಹತ್ತಿರ ಹೋಗಿ, ಕತ್ತು ಓರೆ ಮಾಡಿ, ತುಂಬಾ ಹೊತ್ತು ನೋಡಿದ್ಲು. ಖುಷಿಯಲ್ಲಿ ಅತ್ತಳು. ಆ ಮುದುಕಿ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬರಲಿ ಹೇಳಿ ಕಾದೆ, ಬರಲಿಲ್ಲ.

ಬಿನ್ನಹದ ಹೊತ್ತಿಗೆ ನಾನು ಮೈಕಿನ ಮುಂದೆ. ಮೊದಲನೇದು ಓದಿದೆ. ಉತ್ತರ ಬಂತು. ಎರಡನೇದು ಹಾಳೆಯಲ್ಲಿ ಇತ್ತು, ನಾನೇ ಟೈಪ್ ಮಾಡಿದ್ದು. ಅಣ್ಣ ಕೈ ಮುಗಿದು ತಲೆ ತಗ್ಗಿಸಿ ಕಾಯ್ತಾ ಇದ್ರು. ಬಾಯಿ ತೆರೆದೆ, ಹೊರಡಲಿಲ್ಲ. ಮೂರನೇದು ಓದಿದೆ, ರೋಗಿಗಳಿಗಾಗಿ. ಜನ ಎಂದಿನಂತೆ 'ಪ್ರಭುವೇ' ಅಂದ್ರು. ಎಷ್ಟೋ ಜನರಿಗೆ ಒಂದು ಕಡಿಮೆ ಆದದ್ದು ಗೊತ್ತೇ ಆಗಲಿಲ್ಲ. ಫಾದರಿಗೆ ಗೊತ್ತಾತು.

ಪೂಜೆ ಮುಗಿದು ವೈರ್ ಸುತ್ತುತ್ತಾ ಇದ್ದೆ. ಅಣ್ಣ ಬಂದು ಪಕ್ಕದಲ್ಲಿ ನಿಂತ್ರು.

"ಉಪದೇಶಿಗಳೇ, ಆ ಚೀಟಿ?"

"ಸುಟ್ಟಿದ್ದೇನೆ."

"ಒಳ್ಳೇದಾತು," ಹೇಳಿ ಹೆಗಲು ತಟ್ಟಿದ್ರು. ಮತ್ತೆ ತಿರುಗಿ, "ನಮ್ಮ ಆಯಿಗೆ ಈಗ ಪೇಪರ್ ಓದ್ಲಿಕ್ಕೆ ಬರ್ತದೆ ಮಾರಾಯ್ರೆ" ಅಂದ್ರು. ನಿಜವಾಗಿ ಖುಷಿಯಲ್ಲೇ ಅಂದ್ರು. ಅವರಿಗೆ ಎಂತದೂ ನೆನಪಿರ್ಲಿಲ್ಲ, ಇಲ್ಲಾ ಅವರಿಗೆ ಅದೂ ಇದೂ ಬೇರೆ ಬೇರೆ ಲೆಕ್ಕ. ನಾನು ವೈರ್ ಸುತ್ತಿದೆ.

ಮರು ವಾರ ಫಾದರ್ ಮೆತ್ತಗೆ ಮಾತಾಡಿದ್ರು. "ನಿನಗೆ ವಿಶ್ರಾಂತಿ ಬೇಕು." ಮತ್ತೆ ಶಾಲು, ಹಣ್ಣಿನ ಬುಟ್ಟಿ, ಬ್ಯಾನರ್. ಆತು.

ಈಗ ಹೊನ್ನಾವರದಲ್ಲಿ ಟೈಪಿಂಗ್ ಅಂಗಡಿ. ಅರ್ಜಿ, ಲಗ್ನಪತ್ರಿಕೆ, ಜಾತಕ ಎಂತ ತಂದ್ರೂ ಮಾಡ್ತೇನೆ. ಕೆಲಸ ಮುಗಿದ ಮೇಲೆ ಗಿರಾಕಿಯ ಮುಂದೆಯೇ ಫೈಲ್ ಅಳಿಸ್ತೇನೆ. ಕೆಲವರು ನಗ್ತಾರೆ, "ಇದರಲ್ಲಿ ಎಂತ ಗುಟ್ಟು ಮಾರಾಯ, ಲಗ್ನಪತ್ರಿಕೆ!" ನಗ್ಲಿ. ಕುಮಟಾ ಪೇಟೆಗೆ ಹೋದಾಗ ಮಾದೇವಿ ಅಕ್ಕನ ಹತ್ರ ಹರಿವೆ ತಗೊಳ್ತೇನೆ. ಕಟ್ಟಿ ಕೊಡ್ತಾಳೆ, ಮಾತಾಡೂದಿಲ್ಲ. ಮಗಳು ಇನ್ನೂ ಮನೆಯಲ್ಲೇ ಇದ್ದಾಳಂತೆ. ಕೂಸು ಏನಾತು ಕೇಳ್ಲಿಕ್ಕೆ ನನಗೆ ಮುಖ ಇಲ್ಲ. ಮಂಗಳವಾರ ಈಗ ನಮ್ಮವರು ಮಾತ್ರ ಬರ್ತಾರೆ. ಪೆಟ್ಟಿಗೆ ಖಾಲಿ. ಪಾಸ್ಕು ಅಜ್ಜ ಹೇಳಿದ್ರು, ಕೆಂಡ ಮಾಡೂದು ಬಿಟ್ಟೆ ಹೇಳಿ. ಅಣ್ಣ ಮಾಡಿದ್ದು ಎಷ್ಟು, ನಾನು ಮಾಡಿದ್ದು ಎಷ್ಟು ಹೇಳಿ ತೂಗ್ತಾ ಕೂರ್ತೇನೆ. ತಕ್ಕಡಿ ನನ್ನ ಕಡೆಗೇ ಬಗ್ತದೆ, ಅದಕ್ಕೇ ಸಿಟ್ಟು ಇನ್ನೂ ಹೆಚ್ಚು.

ಭಾನುವಾರ ಹೋಗ್ತೇನೆ, ಕೊನೇ ಬೆಂಚಿನ ಹತ್ರ ನಿಲ್ತೇನೆ. ಎರಡನೇ ಪ್ರಾರ್ಥನೆ ಬರ್ತದೆ, ನಾಯಕರಿಗಾಗಿ, ಜ್ಞಾನ ವಿವೇಕ. ಎಲ್ಲರೂ ಉತ್ತರ ಕೊಡ್ತಾರೆ. ಆಜ್ಞೆ ಇದೆ ಹೇಳಿ ನಾನೂ ಬಾಯಿ ತೆರೀತೇನೆ. ಅಣ್ಣನ ಮುಖ ಬಂದ್ರೆ ಬಾಯಿ ಮುಚ್ತದೆ. ಕನ್ನಡಕದ ಆ ಮುದುಕಿಯನ್ನು ನೆನಸಿಕೊಂಡು ಹೇಗೋ 'ಪ್ರಭುವೇ' ವರೆಗೆ ಹೇಳ್ತೇನೆ. ಮುಂದಿನದು ಇನ್ನೂ ಬರ್ತಾ ಇಲ್ಲ.

ನೀವು ಎಂತ ಮಾಡ್ತೀರಿ? ನಿಮಗೆ ಕೆಟ್ಟದ್ದು ಮಾಡಿದ ದೊಡ್ಡವರಿಗಾಗಿ ಪ್ರಾರ್ಥನೆ ಮಾಡ್ಲಿಕ್ಕೆ ಆಗಿದೆಯಾ, ಆದ್ರೆ ಹೇಗೆ ಆತು, ಕೆಳಗೆ ಬರೀರಿ. ಉಪದೇಶಿ ಆಗಿದ್ದವರು, ಆಗಬೇಕು ಹೇಳಿ ಇರುವವರು, ಬೇರೆ ಧರ್ಮದವರು, ಎಲ್ಲರೂ ಬರೀರಿ, ನಾನು ಕೂತು ಓದ್ತೇನೆ. ಆದ್ರೆ ಯಾರ ಹೆಸರೂ ಬರೀಬೇಡಿ. ನಿಮ್ಮದೂ ಬೇಡ.